ಎತ್ತಬಲ್ಲಷ್ಟು ಭಾರ

ನಮ್ಮ ಹಿರಿಯರು ಜಾತ್ರೆಗೆ ಎತ್ತು ಕೊಳ್ಳಲು ಹೋದಾಗ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ಗೊರಸು ನೋಡುತ್ತಿದ್ದರು. ಇವೆಲ್ಲವೂ ಮುಗಿದ ಮೇಲೆ ಹಗ್ಗವನ್ನು ಹೂಡುವವನ ಕೈಗೆ ಕೊಟ್ಟು, ‘ನಾಲ್ಕು ಹೆಜ್ಜೆ ನಡೆಸು, ನೋಡೋಣ’ ಎನ್ನುತ್ತಿದ್ದರು. ಹಣ ಎಣಿಸುವವನು ಯಜಮಾನನೇ ಆದರೂ ದಿನವೂ ನೊಗ ಹೂಡುವವನ ಕೈಗೆ ಎತ್ತು ಬಗ್ಗಬೇಕಲ್ಲವೆ? ಇಷ್ಟು ಸರಳವಾದ ವಿವೇಕವನ್ನು ನಾವು ಮಗಳಿಗೆ ಮೋಟಾರು ಸೈಕಲು ಕೊಳ್ಳುವಾಗ ಮರೆತೆವು. ಮರೆತುದರ ಫಲವನ್ನು ನಾವು ಅನುಭವಿಸಲಿಲ್ಲ, ಆಕೆ ಅನುಭವಿಸಿದಳು. ಆ ಕಾರಣದಿಂದಲೇ ಈ ನಾಲ್ಕು ಮಾತುಗಳನ್ನು ಬರೆಯುವ ಋಣ ನಮ್ಮ ಮೇಲಿದೆಯೆಂದು ಭಾವಿಸಿದ್ದೇವೆ.

‘ನಾವು’ ಎಂದರೆ ಗಂಡಹೆಂಡಿರಿಬ್ಬರು. ಮೂಡಿಗೆರೆಯ ತಾಲೂಕಿನಲ್ಲಿ ಗುಡ್ಡದ ಇಳಿಜಾರಿನ ಮೇಲೆ ನಮಗೊಂದು ಸಣ್ಣ ಕಾಫಿ ತೋಟವಿದೆ. ಇದ್ದೊಬ್ಬ ಮಗಳು ಬೆಂಗಳೂರಿನಲ್ಲಿ ಓದಿ, ಅಲ್ಲಿಯೇ ಕೆಲಸಕ್ಕಿದ್ದು, ನಮ್ಮಲ್ಲಿ ತಂದೆಯಾದವನ ಮೊಣಕಾಲು ಗುಡ್ಡ ಹತ್ತಲಾರೆನೆಂದು ಮುಷ್ಕರ ಹೂಡಿದ ಮೇಲೆ, ೨೦೨೧ರಲ್ಲಿ ಊರಿಗೆ ಮರಳಿದಳು. ಬಂದವಳು ತೋಟವನ್ನು ನೋಡಿಕೊಂಡಳು. ಅದರ ಜೊತೆಗೆ ಬೆಂಗಳೂರಿನಿಂದ ಒಂದು ಹವ್ಯಾಸವನ್ನೂ ತಂದಿದ್ದಳು. ಭಾನುವಾರ ಬೆಳಗಾಗುತ್ತಲೇ ಇಬ್ಬರು ಮೂವರು ಗೆಳತಿಯರೊಡನೆ ಬೈಕನ್ನೇರಿ ಕಲ್ಲು ಮಣ್ಣಿನ ದಾರಿಗಳಲ್ಲಿ, ಹಳ್ಳ ದಾಟಿ, ದಿಣ್ಣೆ ಹತ್ತಿ, ಮಧ್ಯಾಹ್ನದ ಊಟಕ್ಕೆ ಮನೆ ಸೇರುವುದು ಆ ಹವ್ಯಾಸ. ಡಾಂಬರು ರಸ್ತೆಯ ಮೇಲೆ ಓಡುವುದರಲ್ಲಿ ಆಕೆಗೆ ರುಚಿಯಿಲ್ಲ. ದಾರಿ ಕೆಟ್ಟಷ್ಟೂ ಆಕೆಯ ಮುಖ ಅರಳುವುದು.

ಆರಂಭದಲ್ಲಿ ಆಕೆ ಗೆಳತಿಯರ ಬೈಕನ್ನು ಎರವಲು ಪಡೆದು ಸವಾರಿ ಮಾಡುತ್ತಿದ್ದಳು. ೨೦೨೩ರಲ್ಲಿ, ಕಾಫಿಗೆ ಒಳ್ಳೆಯ ಬೆಲೆ ಬಂದ ಸಂತೋಷದಲ್ಲಿ, ಆಕೆಗೆ ಸ್ವಂತ ವಾಹನ ಕೊಡಿಸಬೇಕೆಂದು ನಾವೇ ಮುಂದಾದೆವು. ಹೀಗೆ ಮುಂದಾದುದು ಒಳ್ಳೆಯದೇ. ತೀರಾ ಮುಂದಾದುದು ತಪ್ಪಾಯಿತು. ತಂದೆಯಾದವನು ನಾಲ್ಕು ಜನರನ್ನು ವಿಚಾರಿಸಿ, ದೂರ ಪ್ರವಾಸಕ್ಕೆಂದು ಮಾಡಿದ ಒಂದು ದೊಡ್ಡ ಬೈಕನ್ನು ಗೊತ್ತುಮಾಡಿದನು. ಭಾರವಾದುದು ಸ್ಥಿರವಾಗಿರುವುದು, ಸ್ಥಿರವಾದುದು ಕ್ಷೇಮವಾಗಿರುವುದು ಎಂಬುದು ಆತನ ತರ್ಕ. ತಾಯಿಯಾದವಳಿಗೆ ಬೈಕೇ ಬೇಡವಾಗಿದ್ದಿತು. ಕೊಳ್ಳಲೇಬೇಕಾದರೆ ಗಟ್ಟಿಯಾದುದನ್ನೇ ಕೊಳ್ಳಿರೆಂದು ಆಕೆಯೂ ಸೇರಿಕೊಂಡಳು. ಆ ವಾಹನದ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ತಪ್ಪು ಯಂತ್ರದ್ದಲ್ಲವಷ್ಟೆ. ಅದರ ತೂಕ ಮಾತ್ರ ಹತ್ತಿರ ಹತ್ತಿರ ೨೦೦ ಕಿಲೋ. ನಮ್ಮ ಮಗಳ ಎತ್ತರ ಐದು ಅಡಿ ಒಂದು ಅಂಗುಲ, ತೂಕ ೫೦ ಕಿಲೋ. ಸೀಟಿನ ಮೇಲೆ ಕುಳಿತರೆ ಎರಡು ಪಾದಗಳ ತುದಿಬೆರಳುಗಳು ಮಾತ್ರ ನೆಲವನ್ನು ಸೋಕುತ್ತಿದ್ದವು. ‘ಅಭ್ಯಾಸವಾದರೆ ಸರಿಹೋಗುವುದು’ ಎಂದೆವು. ಆಕೆಯೂ ನಮ್ಮ ಸಂತೋಷಕ್ಕೆ ಕುಂದು ತರಲಾರದೆ ‘ಹೂಂ’ ಎಂದಳು.

ಒಂದು ವರ್ಷ ನಡೆಯಿತು. ೨೦೨೪ರ ಜುಲೈ ತಿಂಗಳಲ್ಲಿ, ಆರು ದಿನ ಬಿಡದೆ ಸುರಿದ ಮಳೆ ಸ್ವಲ್ಪ ಹೊಳವಾದಾಗ, ಆಕೆ ಮೇಲಿನ ತೋಟವನ್ನು ನೋಡಿ ಬರುತ್ತೇನೆಂದು ಹೊರಟಳು. ದಾರಿಯ ಮೇಲೆ ಸಿಲ್ವರ್ ಓಕಿನ ಎಲೆಗಳು ಕೊಳೆತು ಮೆತ್ತಗಾಗಿದ್ದವು. ಒಂದು ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು. ಆಕೆ ಗಾಡಿಯನ್ನು ನಿಲ್ಲಿಸಿ ಎಡಗಾಲನ್ನು ಕೆಳಗಿಟ್ಟಳು. ನೆಲ ಅಲ್ಲಿ ಒಂದು ಗೇಣು ತಗ್ಗಾಗಿದ್ದಿತು. ಕಾಲು ನೆಲವನ್ನು ಹುಡುಕುವಷ್ಟರಲ್ಲಿ ಗಾಡಿ ವಾಲಿತು. ವಾಲಿದ ಇನ್ನೂರು ಕಿಲೋವನ್ನು ತುದಿಬೆರಳಿನಲ್ಲಿ ಹಿಡಿದು ನಿಲ್ಲಿಸಿದವರು ಲೋಕದಲ್ಲಿ ಯಾರೂ ಇಲ್ಲ. ಗಾಡಿ ಮೈಮೇಲೆ ಬಿದ್ದಿತು. ಕಾಲು ಕೆಳಗೆ ಸಿಕ್ಕಿಕೊಂಡಿತು. ಗುಡ್ಡದ ಆ ಮಗ್ಗುಲಿನಲ್ಲಿ ಫೋನಿಗೆ ಸಿಗ್ನಲು ದೊರೆಯದು. ಮತ್ತೆ ಮಳೆ ಹಿಡಿಯಿತು. ಒಂದೂವರೆ ಗಂಟೆಯ ಮೇಲೆ ನಮ್ಮ ಮೇಸ್ತ್ರಿ ಅತ್ತ ಹೋದುದು ನಮ್ಮ ಪುಣ್ಯ. ಹಿಮ್ಮಡಿಯ ಮೇಲಿನ ಮೂಳೆ ಬಿರಿದಿದ್ದಿತು. ಆರು ವಾರ ಪಟ್ಟಿ ಕಟ್ಟಿದರು.

ಅಂದಿನ ರಾತ್ರಿ ನಾವಿಬ್ಬರೂ ಒಂದೇ ತೀರ್ಮಾನಕ್ಕೆ ಬಂದೆವು: ಇನ್ನು ಸಾಕು. ಬೈಕನ್ನು ಕೊಟ್ಟಿಗೆಯೊಳಗೆ ನೂಕಿ ಮೇಲೆ ಟಾರ್ಪಾಲು ಹೊದಿಸಿದೆವು. ಆಕೆ ವಾದಿಸಲಿಲ್ಲ, ಅಳಲಿಲ್ಲ. ಕಾಲು ಕೂಡಿದ ಮೇಲೆ ತೋಟಕ್ಕೆ ನಡೆದುಕೊಂಡೇ ಹೋದಳು. ಮೇಲಿನ ತೋಟದ ಕೆಲಸವನ್ನು ಮೇಸ್ತ್ರಿಯ ಬಾಯಿಂದ ಕೇಳಿ ತಿಳಿದುಕೊಂಡಳು. ಭಾನುವಾರ ಬಂದರೆ ಜಗಲಿಯ ಮೇಲೆ ಕುಳಿತು, ದೂರದಲ್ಲಿ ಗೆಳತಿಯರ ಗಾಡಿಗಳ ಸದ್ದು ಘಟ್ಟವನ್ನೇರಿ ಕರಗುವುದನ್ನು ಕೇಳುತ್ತಿದ್ದಳು. ಸಂಕ್ರಾಂತಿಯ ಹೊತ್ತಿಗೆ, ಬೆಂಗಳೂರಿನ ಹಳೆಯ ಕೆಲಸದವರು ಮತ್ತೆ ಕರೆದಿದ್ದಾರೆಂದು ಮಾತಿನ ನಡುವೆ ಹೇಳಿದಳು. ಅದನ್ನು ಕೇಳಿ ನಮ್ಮ ಎದೆಯಲ್ಲಿ ಏನಾಯಿತೆಂಬುದನ್ನು ಮಕ್ಕಳುಳ್ಳ ವಾಚಕರಿಗೆ ವಿವರಿಸಬೇಕಾದುದಿಲ್ಲ.

ಒಂದು ಸಂಜೆ ತಂದೆಯಾದವನು ಧೈರ್ಯಮಾಡಿ, ‘ಅಷ್ಟು ಹೆದರಿದೆಯಾ, ಮಗಳೆ?’ ಎಂದು ಕೇಳಿದನು.

‘ಬೀಳೋದಕ್ಕೆ ಹೆದರಿಕೆ ಇಲ್ಲ, ಅಪ್ಪ’ ಎಂದಳು. ‘ಬಿದ್ದ ಮೇಲೆ ಎತ್ತೋಕೆ ಆಗ್ಲಿಲ್ವಲ್ಲ, ಅದು ಮರೀತಾ ಇಲ್ಲ. ಅಷ್ಟು ಹೊತ್ತು ಯಾರಾದ್ರೂ ಬರ್ತಾರಾ ಅಂತ ಕಾಯ್ತಾ ಬಿದ್ದಿದ್ದೆ. ಬೇರೆಯವರು ಬಂದು ಎತ್ತಬೇಕಾದ ಗಾಡಿ ನನ್ನದು ಹೇಗಾಗತ್ತೆ?’

ನಾವು ಉತ್ತರವಿಲ್ಲದೆ ಕುಳಿತೆವು. ಆಕೆಯ ಮಾತು ದಿಟವಾಗಿದ್ದಿತು. ವರ್ಷವೆಲ್ಲ ನಾವು ಕ್ಷೇಮವೆಂದು ಕರೆದುದು ನಮ್ಮ ಮನಸ್ಸಿನ ಸಮಾಧಾನಕ್ಕೆ ಒದಗಿದುದು, ಆಕೆಯ ಕಾಲಿಗೂ ತೋಳಿಗೂ ಒದಗಿದುದಲ್ಲ. ಎತ್ತಿನ ಜಾತ್ರೆಯ ನೆನಪಾದುದು ಆಗ. ಮರುದಿನದಿಂದ ಮೂವರೂ ಸೇರಿ ಹೊಸದಾಗಿ ಹುಡುಕಲಾರಂಭಿಸಿದೆವು. ಈ ಸಲ ಹಗ್ಗ ಆಕೆಯ ಕೈಯಲ್ಲಿ.

ಮೊದಲು ಅಳತೆ. ಕಾಲಳತೆಯೆಂದರೆ ಆಳಿನ ಎತ್ತರವಲ್ಲ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬರ ಕಾಲು ಉದ್ದವಾಗಿರಬಹುದು, ಇನ್ನೊಬ್ಬರ ಮುಂಡ ಉದ್ದವಾಗಿರಬಹುದು. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ತೊಡೆಗಳ ನಡುವೆ ಒಂದು ದಪ್ಪ ಪುಸ್ತಕವನ್ನು ಮೇಲಕ್ಕೊತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಬೇಕು. ನಮ್ಮ ಮಗಳಿಗೆ ಇದು ೨೮ ಅಂಗುಲ ಬಂದಿತು. ಸವಾರಿಯ ಬೂಟಿನ ಅಟ್ಟೆ ಇನ್ನೊಂದು ಅಂಗುಲವನ್ನು ಕೊಡುವುದು. ಹಾಗಾದರೆ ೨೯ ಅಂಗುಲ, ಎಂದರೆ ಸುಮಾರು ೭೩೫ ಮಿಲಿಮೀಟರು.

ಇನ್ನು ಸೀಟಿನ ಎತ್ತರ. ಕಂಪೆನಿಯವರು ಅಚ್ಚುಹಾಕಿಸುವ ಸಂಖ್ಯೆಯನ್ನು ನೋಡಿದೊಡನೆ ಎದೆಗುಂದಬಾರದು, ಹಿಗ್ಗಲೂ ಬಾರದು. ಸವಾರ ಕುಳಿತಾಗ ಮುಂದಿನ ಹಿಂದಿನ ಸ್ಪ್ರಿಂಗುಗಳು ಕುಗ್ಗಿ ಗಾಡಿ ಕೆಳಗಿಳಿಯುವುದು. ತೂಕ ಕಡಿಮೆಯಾದವರು ಕುಳಿತರೆ ಇಳಿಯುವುದೂ ಕಡಿಮೆ. ಸೀಟು ಅಗಲವಾಗಿದ್ದರೆ ಕಾಲುಗಳು ಹೊರಕ್ಕೆ ಚಾಚಿ ಉದ್ದ ನಷ್ಟವಾಗುವುದು, ಕಿರಿದಾಗಿದ್ದರೆ ನೇರವಾಗಿ ನೆಲಕ್ಕಿಳಿಯುವುದು. ಆದುದರಿಂದ ಒಂದೇ ಎತ್ತರದ ಎರಡು ಸೀಟುಗಳ ಪೈಕಿ ಒಂದರ ಮೇಲೆ ಕಾಲು ಎಟುಕಿ, ಇನ್ನೊಂದರ ಮೇಲೆ ಎಟುಕದೆ ಹೋದೀತು. ಬೂಟು ತೊಟ್ಟು, ಕುಳಿತು ನೋಡದ ಹೊರತು ತೀರ್ಮಾನ ಮಾಡತಕ್ಕದ್ದಲ್ಲ.

ಎರಡು ಪಾದಗಳೂ ಪೂರ್ಣವಾಗಿ ನೆಲಕ್ಕೆ ತಾಗಬೇಕೆಂಬ ಹಟವೂ ಬೇಡ. ಅನುಭವಸ್ಥರು ನಿಲ್ಲಿಸುವಾಗ ಸೊಂಟವನ್ನು ಒಂದು ಪಕ್ಕಕ್ಕೆ ಜಾರಿಸಿ ಒಂದೇ ಪಾದವನ್ನು ಗಟ್ಟಿಯಾಗಿ ಊರುವರು. ಓಡುವಾಗಲಂತೂ ಒರಟು ದಾರಿಯಲ್ಲಿ ಸೀಟಿನ ಮೇಲೆ ಕುಳಿತಿರುವುದೇ ಅಪರೂಪ. ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಮೊಣಕಾಲುಗಳನ್ನೇ ಸ್ಪ್ರಿಂಗಿನಂತೆ ಬಳಸುವರು. ನಮ್ಮ ಬೆಂಗಳೂರಿನವರೇ ಆದ ಐಶ್ವರ್ಯ ಪಿಸ್ಸೆಯವರು ೨೦೧೯ರಲ್ಲಿ ಬಾಹಾ ರ‍್ಯಾಲಿಯ ವಿಶ್ವಕಪ್ಪನ್ನು ಮಹಿಳೆಯರ ವಿಭಾಗದಲ್ಲಿ ಗೆದ್ದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು. ಅಂತಹ ಸ್ಪರ್ಧೆಯ ಗಾಡಿಗಳ ಸೀಟು ಬಹಳ ಎತ್ತರ. ಆದರೆ ಸ್ಪರ್ಧೆಯ ಸವಾರರು ನಿಲ್ಲುವುದು ಕಡಿಮೆ, ಕಾಡುದಾರಿಯ ಸವಾರರು ನಿಲ್ಲುವುದೇ ಹೆಚ್ಚು. ಇಲ್ಲಿ ಒಂದು ಬಿದ್ದ ಮರ, ಅಲ್ಲೊಂದು ಕೊರಕಲು, ಮುಂದಿನವಳು ಸಿಕ್ಕಿಕೊಂಡಿದ್ದಾಳೆಂದು ಹಿಂದಿನವಳು ಇಳಿಜಾರಿನಲ್ಲಿ ಕಾಯುವುದು. ನಿಂತಾಗಲೇ ಬೀಳುವುದು, ಓಡುವಾಗಲಲ್ಲ. ಈ ಕಾರಣದಿಂದ ಹವ್ಯಾಸಕ್ಕೆ ಸವಾರಿ ಮಾಡುವವರಿಗೆ ತಗ್ಗಿನ ಸೀಟು ಅಳುಕಿನ ಗುರುತಲ್ಲ, ಕೆಲಸದ ಉಪಕರಣ.

ಜಪಾನಿನವರು ಇದನ್ನು ಬಹು ಹಿಂದೆಯೇ ಅರಿತರು. ಯಮಾಹಾ ಕಂಪೆನಿಯವರು ೧೯೮೫ರಲ್ಲಿ ಸೆರೋ ಎಂಬ ಒಂದು ಗಾಡಿಯನ್ನು ಹೊರತಂದರು. ಸೆರೋ ಎಂದರೆ ಅಲ್ಲಿನ ಬೆಟ್ಟಗಳಲ್ಲಿ ಕಡಿದಾದ ಬಂಡೆಯನ್ನು ನಿಧಾನವಾಗಿ ಹತ್ತುವ ಮೇಕೆಯಂತಹ ಒಂದು ಕಾಡುಪ್ರಾಣಿ. ವೇಗವಾಗಿ ಓಡುವುದಲ್ಲ, ಬೇಕಾದರೆ ಎರಡು ಕಾಲುಗಳನ್ನೂ ನೆಲಕ್ಕೆ ಊರಿಕೊಂಡು, ಹೆಜ್ಜೆಯಿಟ್ಟುಕೊಂಡೇ ಬೆಟ್ಟದ ದಾರಿಯನ್ನು ದಾಟುವುದು ಆ ಗಾಡಿಯ ಉದ್ದೇಶ. ಮೂವತ್ತೈದು ವರ್ಷಗಳ ಕಾಲ ಆ ಹೆಸರು ಉಳಿದು ೨೦೨೦ರಲ್ಲಿ ಮುಗಿಯಿತು. ಅದೇ ಕಂಪೆನಿಯ ಟಿಡಬ್ಲ್ಯೂ ೨೦೦ ಎಂಬ ದಪ್ಪ ಚಕ್ರದ ಗಾಡಿ ಅಮೆರಿಕದಲ್ಲಿ ೧೯೮೭ರಿಂದ ಹೆಸರಾದುದು. ಅದರ ಸೀಟು ಸುಮಾರು ೭೯೦ ಮಿಲಿಮೀಟರು, ತೂಕ ಸುಮಾರು ೧೨೬ ಕಿಲೋ. ಇವೆರಡರ ಚಿತ್ರಗಳನ್ನೂ ಮಗಳು ತೋರಿಸಿದಳು. ನಮ್ಮ ಅಂಗಡಿಗಳಲ್ಲಿ ಇವು ಬಂದುದಿಲ್ಲ. ಹಸಿದವನಿಗೆ ಪರದೇಶದ ಔತಣದ ಚಿತ್ರ ತೋರಿಸಿದಂತಾಯಿತು.

ನಮ್ಮ ದೇಶದ ಅಂಗಡಿಯಲ್ಲಿ ದೊರೆಯುವುವನ್ನು ನೋಡತೊಡಗಿದೆವು. ಇಲ್ಲಿ ಒಂದು ವಿಚಿತ್ರವಾದ ಕಷ್ಟವುಂಟು. ಹಗುರವಾದುದು ಎತ್ತರವಾಗಿರುವುದು, ತಗ್ಗಾದುದು ಭಾರವಾಗಿರುವುದು. ೨೦೨೪ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂದ ಕವಾಸಾಕಿ ಕೆಎಲ್‌ಎಕ್ಸ್ ೨೩೦ ಎಂಬುದರ ತೂಕ ೧೩೯ ಕಿಲೋ ಮಾತ್ರ, ಆದರೆ ಸೀಟು ೮೮೦ ಮಿಲಿಮೀಟರು. ಮಗಳು ಅದರ ಮೇಲೆ ಕುಳಿತಾಗ ಅಟ್ಟದ ಮೇಲೆ ಕುಳಿತ ಮಗುವಿನಂತೆ ಕಂಡಳು. ೨೦೧೯ರಲ್ಲಿ ಆರಂಭವಾಗಿ ೨೦೨೧ರಲ್ಲಿ ಹೊಸ ಎಂಜಿನು ಪಡೆದ ಹೀರೋ ಎಕ್ಸ್‌ಪಲ್ಸ್ ೨೦೦ ಎಂಬುದರ ಸೀಟು ೮೨೫ ಮಿಲಿಮೀಟರು, ತೂಕ ೧೫೯ ಕಿಲೋದ ಸುಮಾರು. ಬೆಲೆಯೂ ಎಟುಕುವಂತಹುದು, ಬಿಡಿಭಾಗಗಳೂ ಸುಲಭ. ಆಕೆಯ ಗೆಳತಿಯರಲ್ಲಿ ಒಬ್ಬಳು ಅದನ್ನೇ ಇಟ್ಟುಕೊಂಡು ಸುಖವಾಗಿದ್ದಾಳೆ. ಆ ಗೆಳತಿಯ ಎತ್ತರ ಐದು ಅಡಿ ಐದು ಅಂಗುಲ. ನಮ್ಮ ಮಗಳು ಒಂದು ಪಾದವನ್ನು ಊರಬಲ್ಲವಳಾದಳು. ಗಾಡಿಯನ್ನು ಹುಲ್ಲಿನ ಮೇಲೆ ಮಲಗಿಸಿ ಎತ್ತಿದಾಗ ಮೊದಲ ಸಲ ಎತ್ತಿದಳು, ಎರಡನೆಯ ಸಲ ಆಗಲಿಲ್ಲ. ಅದು ಗಾಡಿಯ ದೋಷವಲ್ಲ, ಇಬ್ಬರ ಮೈಕಟ್ಟಿನ ಅಂತರ.

ಒಂದು ಅಂಗಡಿಯಲ್ಲಿ ನಡೆದುದನ್ನೂ ಹೇಳಬೇಕು. ಮಾರುವ ಹುಡುಗ ಅರ್ಧ ಗಂಟೆ ತಂದೆಯಾದವನೊಡನೆ ಮಾತನಾಡಿದನು. ಪ್ರಶ್ನೆಗಳನ್ನು ಕೇಳುತ್ತಿದ್ದವಳು ಮಗಳು, ಉತ್ತರಗಳು ಬರುತ್ತಿದ್ದುದು ತಂದೆಗೆ. ಕಡೆಗೆ, ‘ಮೇಡಮ್ಮಿಗೆ ಸ್ಕೂಟರೇ ಒಳ್ಳೇದು ಸಾರ್’ ಎಂದನು. ನಮಗೆ ಕೋಪ ಬಂದಿತು. ಮನೆಗೆ ಬರುವ ದಾರಿಯಲ್ಲಿ ಕೋಪ ಇಳಿದು ನಾಚಿಕೆಯಾಯಿತು. ಎರಡು ವರ್ಷಗಳ ಹಿಂದೆ ನಾವು ಮಾಡಿದುದೂ ಅದನ್ನೇ ಅಲ್ಲವೆ? ಆಕೆಯ ವಾಹನವನ್ನು ಕುರಿತು ಆಕೆಯನ್ನು ಬಿಟ್ಟು ಉಳಿದವರೆಲ್ಲರನ್ನೂ ಕೇಳಿದ್ದೆವು. ೧೯೩೪ರಲ್ಲಿ ಥೆರೆಸಾ ವಾಲಕ್ ಮತ್ತು ಫ್ಲಾರೆನ್ಸ್ ಬ್ಲೆಂಕಿರನ್ ಎಂಬ ಇಬ್ಬರು ಇಂಗ್ಲಿಷ್ ಯುವತಿಯರು ಪಕ್ಕದ ತೊಟ್ಟಿಲು ಕಟ್ಟಿದ ಒಂದು ಮೋಟಾರು ಸೈಕಲಿನ ಮೇಲೆ ಲಂಡನ್ನಿನಿಂದ ಹೊರಟು, ಸಹರಾ ಮರುಭೂಮಿಯನ್ನು ದಾಟಿ, ೧೯೩೫ರಲ್ಲಿ ಆಫ್ರಿಕದ ತುದಿಯ ಕೇಪ್‌ಟೌನನ್ನು ಮುಟ್ಟಿದರು. ತೊಂಬತ್ತು ವರ್ಷಗಳ ಮೇಲೆಯೂ ಹೆಂಗಸರಿಗೆ ಸ್ಕೂಟರೇ ಲೇಸೆನ್ನುವವರಿದ್ದಾರೆ!

ಹಾಗೆಂದು ಸ್ಕೂಟರಿನಂತಹ ಸಣ್ಣ ಗಾಡಿಗಳನ್ನು ನಾವು ಹಳಿಯುವವರಲ್ಲ. ನಮ್ಮ ಮೇಸ್ತ್ರಿಯ ಟಿವಿಎಸ್ ಎಕ್ಸ್‌ಎಲ್ ಗಾಡಿ ತೊಂಬತ್ತು ಕಿಲೋ ಮೀರದು. ಗೊಬ್ಬರದ ಚೀಲವನ್ನೂ ಹೆಂಡತಿಯನ್ನೂ ಹೊತ್ತುಕೊಂಡು ಅದು ಹತ್ತಿದ ದಾರಿಗಳಲ್ಲಿ ನಮ್ಮ ದೊಡ್ಡ ಬೈಕು ಮಕಾಡೆ ಮಲಗಿದ್ದಿತು. ಹಗುರತನದ ಮಹಿಮೆಯನ್ನು ದಿನವೂ ಅಂಗಳದಲ್ಲಿಯೇ ಕಾಣುತ್ತಿದ್ದು ನಾವು ಕಲಿತಿರಲಿಲ್ಲ.

ಕಡೆಗೆ ನಮಗೆ ದೊರೆತುದು ಹಾಸನದಲ್ಲಿ, ಒಬ್ಬ ಮೆಕ್ಯಾನಿಕನ ಹಿತ್ತಿಲಲ್ಲಿ. ಹೀರೋ ಕಂಪೆನಿಯವರು ಹೋಂಡಾದವರಿಂದ ಬೇರೆಯಾದ ಕಾಲದಲ್ಲಿ, ೨೦೧೧ರಲ್ಲಿ, ಇಂಪಲ್ಸ್ ಎಂಬ ಗಾಡಿಯನ್ನು ತಂದಿದ್ದರು. ಕೊಳ್ಳುವವರು ಹೆಚ್ಚು ಬಾರದೆ ಕೆಲವು ವರ್ಷಗಳಲ್ಲಿ ಅದು ನಿಂತುಹೋಯಿತು. ಎಂಜಿನು ೧೪೯.೨ ಸಿಸಿ, ಬಲ ಸುಮಾರು ಹದಿಮೂರು ಕುದುರೆಗಳದು. ಹೆದ್ದಾರಿಯ ಮೇಲೆ ಬಡಪಾಯಿ. ಆದರೆ ತೂಕ ೧೩೪ ಕಿಲೋ. ನಮ್ಮ ದೊಡ್ಡ ಬೈಕಿಗೂ ಇದಕ್ಕೂ ಇದ್ದ ಅಂತರ ನಮ್ಮ ಮಗಳ ಸ್ವಂತ ತೂಕಕ್ಕಿಂತ ಹೆಚ್ಚು! ಇದೇ ಕಂಪೆನಿಯ ಬೇರೆ ೧೫೦ ಸಿಸಿ ಗಾಡಿಗಳ ಎಂಜಿನಿಗೂ ಇದರ ಎಂಜಿನಿಗೂ ನಂಟಿರುವುದರಿಂದ ಎಂಜಿನಿನ ಭಾಗಗಳು ದೊರೆಯುವುವೆಂದು ಮೆಕ್ಯಾನಿಕನು ಹೇಳಿದನು. ಹೊರಗಿನ ಪ್ಲಾಸ್ಟಿಕ್ ಭಾಗಗಳು ಒಡೆದರೆ ಹುಡುಕಬೇಕೆಂಬುದನ್ನೂ ಮುಚ್ಚಿಡಲಿಲ್ಲ. ೨೦೧೨ರ ನೋಂದಣಿಯಾದುದರಿಂದ ಹದಿನೈದು ವರ್ಷ ತುಂಬುವ ೨೦೨೭ರಲ್ಲಿ ಗಾಡಿಯನ್ನು ಪರೀಕ್ಷೆಗೊಪ್ಪಿಸಿ ನೋಂದಣಿಯನ್ನು ನವೀಕರಿಸಬೇಕು. ಹಳೆಯ ಗಾಡಿ ಕೊಳ್ಳುವವರು ಈ ಲೆಕ್ಕವನ್ನು ಮರೆಯಬಾರದು.

ಹಣದ ಮಾತಿಗೆ ಮುನ್ನ ಪರೀಕ್ಷೆ ನಡೆಯಿತು. ಹಿತ್ತಿಲ ಹುಲ್ಲಿನ ಮೇಲೆ ಗಾಡಿಯನ್ನು ಎಡಕ್ಕೆ ಮಲಗಿಸಿದರು. ಆಕೆ ಎಂಜಿನು ಆರಿದೆಯೇ ಎಂದು ನೋಡಿದಳು, ಚಕ್ರ ಉರುಳದಂತೆ ಗೇರಿಗೆ ಹಾಕಿದಳು, ಹ್ಯಾಂಡಲನ್ನು ತಿರುಗಿಸಿದಳು. ಅನಂತರ ಗಾಡಿಗೆ ಬೆನ್ನು ಮಾಡಿ, ಸೀಟಿನ ಅಂಚಿಗೆ ಸೊಂಟವನ್ನು ಒತ್ತಿ, ಒಂದು ಕೈಯಲ್ಲಿ ಹ್ಯಾಂಡಲಿನ ಹಿಡಿಯನ್ನೂ ಇನ್ನೊಂದರಲ್ಲಿ ಹಿಂಬದಿಯ ಸರಳನ್ನೂ ಹಿಡಿದು ಕುಕ್ಕರುಗಾಲಿನಲ್ಲಿ ಕುಳಿತಳು. ಬೆನ್ನನ್ನು ಬಗ್ಗಿಸದೆ, ತೊಡೆಯ ಬಲದಿಂದ, ಸಣ್ಣ ಸಣ್ಣ ಹೆಜ್ಜೆಗಳನ್ನು ಹಿಂದಕ್ಕಿಡುತ್ತ ಎದ್ದಳು. ಗಾಡಿಯೂ ಎದ್ದಿತು.

ನಾವು ಚಪ್ಪಾಳೆ ತಟ್ಟಲು ಕೈಯೆತ್ತಿದ್ದೆವು. ಇಷ್ಟು ದಿನವೂ ‘ಬೇಡ’ವೆಂಬ ಮಾತಿನ ಹೊರತು ಇನ್ನೇನನ್ನೂ ಆಡದಿದ್ದ ತಾಯಿಯಾದವಳು ಮುಂದೆ ಬಂದು, ‘ಇನ್ನೊಂದು ಸಲ ಮಲಗಿಸು’ ಎಂದಳು. ಮಲಗಿಸಿದರು. ಎತ್ತಿದಳು. ‘ಈಗ ಬಲಗಡೆಗೆ.’ ಬಲಕ್ಕೆ ಮಲಗಿದ ಗಾಡಿಯನ್ನು ಎತ್ತುವಾಗ, ಅದು ಎಡಕ್ಕೆ ಮಗುಚದಂತೆ ಸೈಡ್‌ಸ್ಟ್ಯಾಂಡನ್ನು ಮೊದಲೇ ಬಿಡಿಸಿಟ್ಟಿರಬೇಕು. ಅದನ್ನೂ ಮಾಡಿ ಎತ್ತಿದಳು. ಮುಖ ಕೆಂಪಾಗಿದ್ದಿತು, ಉಸಿರು ಏರಿದ್ದಿತು. ‘ಇನ್ನೂ ಒಂದು ಸಲ’ ಎಂದಳು ತಾಯಿ. ಅದನ್ನೂ ಎತ್ತಿ ನಿಲ್ಲಿಸಿದ ಮೇಲೆ ತಾಯಿಯಾದವಳು ಸೆರಗಿನಿಂದ ಮಗಳ ಹಣೆಯನ್ನೊರಸಿ, ‘ರೀ, ದುಡ್ಡು ಕೊಡಿ’ ಎಂದಳು. ಆ ವರ್ಷ ನಮ್ಮ ಮನೆಯಲ್ಲಿ ಆಡಿದ ಮಾತುಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾವು ಕೇಳಲಿಲ್ಲ.

ಗಾಡಿಯನ್ನು ಆಕೆಯ ಮೈಗೆ ಹೊಂದಿಸುವ ಕೆಲಸ ಇನ್ನೂ ಉಳಿದಿದ್ದಿತು. ಅದರ ಸೀಟೂ ತಗ್ಗಿನದೇನಲ್ಲ. ಮೆಕ್ಯಾನಿಕನು ಸೀಟಿನೊಳಗಿನ ಫೋಮನ್ನು ಒಂದು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು ಕೊಯ್ದು, ಮುಂಭಾಗವನ್ನು ಎರಡು ಕಡೆಯಲ್ಲಿಯೂ ಕಿರಿದು ಮಾಡಿಸಿದನು. ಹಿಂದಿನ ಸ್ಪ್ರಿಂಗಿನ ಬಿಗಿಯನ್ನು ಆಕೆಯ ತೂಕಕ್ಕೆ ತಕ್ಕಂತೆ ಸಡಿಲಿಸಿದನು. ಕ್ಲಚ್ಚಿನ ಮತ್ತು ಬ್ರೇಕಿನ ಹಿಡಿಗಳನ್ನು, ಎದ್ದು ನಿಂತಾಗಲೂ ಸಣ್ಣ ಬೆರಳುಗಳಿಗೆ ಎಟುಕುವಂತೆ ತಿರುಗಿಸಿದನು. ಒಂದು ಪಾದ ಪೂರ್ಣವಾಗಿ ಊರಿತು, ಇನ್ನೊಂದರ ಮುಂಗಾಲು ನೆಲಕ್ಕೆ ತಾಗಿತು. ಇಷ್ಟು ಸಾಕೆಂದಳು.

ಹಿಂದಿನ ಸ್ಪ್ರಿಂಗಿನ ಕೊಂಡಿಯನ್ನು ಬದಲಿಸಿ ಇಡೀ ಗಾಡಿಯನ್ನೇ ಇನ್ನೆರಡು ಅಂಗುಲ ಇಳಿಸೋಣವೆ ಎಂದು ನಾವು ಕೇಳಿದೆವು. ಆತನು ಬೇಡವೆಂದನು. ಗಾಡಿಯನ್ನು ಇಳಿಸಿದಷ್ಟೂ ಹೊಟ್ಟೆ ನೆಲಕ್ಕೆ ಹತ್ತಿರವಾಗಿ ಕಲ್ಲಿಗೆ ತಗುಲುವುದು. ಹಿಂಭಾಗವನ್ನು ಮಾತ್ರ ಇಳಿಸಿ ಮುಂಭಾಗವನ್ನು ಹಾಗೆಯೇ ಬಿಟ್ಟರೆ ಹ್ಯಾಂಡಲಿನ ನಡೆ ಕೆಡುವುದು. ಸೈಡ್‌ಸ್ಟ್ಯಾಂಡನ್ನು ಅದಕ್ಕೆ ಸರಿಯಾಗಿ ಮೋಟುಮಾಡದಿದ್ದರೆ, ನಿಲ್ಲಿಸಿದ ಗಾಡಿ ನೆಟ್ಟಗೆ ನಿಂತು ಗಾಳಿ ಬೀಸಿದರೂ ಆಚೆಗೆ ಮಗುಚುವುದು. ತಗ್ಗು ಬೇಕೆಂದು ಎಲ್ಲವನ್ನೂ ತಗ್ಗಿಸಬಾರದು. ಮೊದಲು ಸೀಟು, ಅನಂತರ ಸ್ಪ್ರಿಂಗಿನ ಬಿಗಿ, ಅದೂ ಸಾಲದಾದಾಗ ಮಾತ್ರ ಕೊಂಡಿ. ಗೃಹಸ್ಥರಾದ ವಾಚಕರು ಈ ಕ್ರಮವನ್ನು ನೆನಪಿನಲ್ಲಿಟ್ಟುಕೊಂಡರೆ ಹಣವೂ ಉಳಿಯುವುದು, ಗಾಡಿಯೂ ಉಳಿಯುವುದು.

ದೊಡ್ಡ ಬೈಕನ್ನು ಮಾರಿ ಬಂದ ಹಣದಲ್ಲಿ ಈ ಹಳೆಯ ಗಾಡಿಯನ್ನು ಕೊಂಡು, ಹೆಲ್ಮೆಟ್ಟು, ಹಿಮ್ಮಡಿಯನ್ನೂ ಕಣಕಾಲನ್ನೂ ಗಟ್ಟಿಯಾಗಿ ಹಿಡಿಯುವ ಬೂಟು, ಮೊಣಕಾಲಿನ ಕವಚ, ಇವನ್ನು ಕೊಂಡ ಮೇಲೆಯೂ ಹಣ ಮಿಕ್ಕಿತು. ಬೂಟಿಗೆ ಕೊಟ್ಟ ಬೆಲೆ ಕೇಳಿ ತಂದೆಯಾದವನು ಹುಬ್ಬೇರಿಸಿದನು. ಆರು ವಾರದ ಪಟ್ಟಿಯ ನೆನಪು ಹುಬ್ಬನ್ನು ಇಳಿಸಿತು.

ಇನ್ನೂ ಎರಡು ಮಾತುಗಳನ್ನು ಸೇರಿಸಬೇಕು. ಸ್ಪರ್ಧೆಗೆಂದೇ ಮಾಡಿದ ಗಾಡಿಗಳು ಇನ್ನೂ ಹಗುರವಾಗಿರುವುದು ದಿಟ. ಆದರೆ ನೋಂದಣಿ ಇಲ್ಲದ ಅವನ್ನು ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ಮಕ್ಕಳು ಆಸೆಪಟ್ಟರೆಂದು ಮೋಸಹೋಗಬಾರದು. ಎರಡನೆಯದಾಗಿ, ದಾರಿ ಕಂಡಲ್ಲೆಲ್ಲ ನುಗ್ಗುವ ಅಧಿಕಾರ ಯಾವ ಸವಾರರಿಗೂ ಇಲ್ಲ. ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವುದು ಅಪರಾಧ. ಚಕ್ರ ಉತ್ತ ಶೋಲೆಯ ಹುಲ್ಲುಗುಡ್ಡದ ಮೇಲೆ ಮಳೆ ಬಿದ್ದರೆ ಮಣ್ಣು ಕೊಚ್ಚಿ ಹೋಗುವುದು. ನಮ್ಮ ಮಗಳೂ ಆಕೆಯ ಗೆಳತಿಯರೂ ಊರಿನಿಂದೂರಿಗೆ ಹೋಗುವ ಮಣ್ಣಿನ ರಸ್ತೆಗಳಲ್ಲಿಯೂ, ಕೇಳಿ ಒಪ್ಪಿಗೆ ಪಡೆದ ತೋಟಗಳ ದಾರಿಗಳಲ್ಲಿಯೂ ಮಾತ್ರ ಓಡಿಸುವರು. ಆನೆ ಬಂದಿದೆಯೆಂದು ಸುದ್ದಿಯಿದ್ದ ದಿನ ಮನೆಯಲ್ಲಿಯೇ ಉಳಿಯುವರು.

ಮಾರ್ಚಿಯಲ್ಲಿ ಹೂಮಳೆ ಬಿದ್ದಿತು. ಗುಡ್ಡವೆಲ್ಲ ಬಿಳಿಯಾಗಿ ಕಾಫಿಯ ಹೂವಿನ ವಾಸನೆ ಅಂಗಳವನ್ನು ತುಂಬಿದ ದಿನ ಆಕೆ ಮೇಲಿನ ತೋಟಕ್ಕೆ ಹೋದಳು. ನಾವು ಜಗಲಿಯ ಮೇಲೆ ಕುಳಿತು ಸದ್ದನ್ನು ಆಲಿಸಿದೆವು. ಸದ್ದು ಹತ್ತಿತು, ತಿರುವಿನಲ್ಲಿ ಕ್ಷೀಣವಾಯಿತು, ನಿಂತುಹೋಯಿತು. ಅದು ಅದೇ ತಿರುವು. ನಮ್ಮಲ್ಲಿ ಒಬ್ಬರು ಎದ್ದು ನಿಂತೆವು, ಇನ್ನೊಬ್ಬರು ಕೈಹಿಡಿದು ಕೂರಿಸಿದೆವು. ಯಾರು ಎದ್ದವರು, ಯಾರು ಕೂರಿಸಿದವರು ಎಂಬುದನ್ನು ಹೇಳುವುದಿಲ್ಲ. ಗಡಿಯಾರದಲ್ಲಿ ನಾಲ್ಕು ನಿಮಿಷ, ನಮಗೆ ಒಂದು ಯುಗ. ಆಮೇಲೆ ಸದ್ದು ಮತ್ತೆ ಎದ್ದಿತು, ಮೇಲಕ್ಕೆ ಹೋಯಿತು.

ಸಂಜೆ ಬಂದಾಗ ಆಕೆಯ ಎಡಮಗ್ಗುಲೆಲ್ಲ ಕೆಂಪು ಮಣ್ಣಾಗಿದ್ದಿತು. ಕೈಕಾಲು ತೊಳೆದು ಊಟಕ್ಕೆ ಕುಳಿತಾಗ ಮೇಲಿನ ತೋಟದ ಮೆಣಸಿನ ಬಳ್ಳಿಗಳ ಸಮಾಚಾರವನ್ನೆಲ್ಲ ಹೇಳಿ, ನಡುವೆ, ‘ಆ ತಿರುವಲ್ಲಿ ಬಿದ್ದೆ, ಅಮ್ಮ’ ಎಂದಳು. ಸಾರನ್ನು ಬಡಿಸುತ್ತಿದ್ದ ಕೈ ಒಂದು ಗಳಿಗೆ ತಡೆಯಿತು.

‘ಆಮೇಲೆ?’

‘ಆಮೇಲೆ ಏನು? ಎತ್ತಿದೆ, ಹೋದೆ. ಇನ್ನೊಂದು ಚೂರು ಸಾರು ಹಾಕು.’

ಬೆಂಗಳೂರಿನ ಕೆಲಸದ ಮಾತು ಅನಂತರ ಮನೆಯಲ್ಲಿ ಏಳಲಿಲ್ಲ. ನಮ್ಮ ಭಯ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಭಾನುವಾರ ಮಧ್ಯಾಹ್ನ ಒಂದು ಗಂಟೆ ದಾಟಿದರೆ ನಮ್ಮ ಕಿವಿ ಇಂದಿಗೂ ಗುಡ್ಡದ ಕಡೆಗೇ ಇರುವುದು. ಆದರೆ ಮಕ್ಕಳು ಬೀಳದಂತೆ ಕಾಯುವುದು ತಾಯಿತಂದೆಗಳ ಕೈಯಲ್ಲಿಲ್ಲ. ಬಿದ್ದರೆ ತಾವೇ ಎತ್ತಿಕೊಳ್ಳಬಲ್ಲಷ್ಟು ಭಾರವನ್ನು ಅವರೇ ಆರಿಸಿಕೊಳ್ಳುವಂತೆ ಹಗ್ಗವನ್ನು ಅವರ ಕೈಗೆ ಕೊಡುವುದು ಮಾತ್ರ ನಮ್ಮ ಕೈಯಲ್ಲಿದೆ. ಮನೆಯಲ್ಲಿ ಮಗಳೋ ಸೊಸೆಯೋ ಇಂತಹ ಆಸೆಯನ್ನು ಹೇಳಿಕೊಂಡರೆ, ವಾಚಕರು ಮೊದಲು ಅಂಗಡಿಗೆ ಹೋಗದೆ, ಒಂದು ಅಳತೆಯ ಟೇಪನ್ನೂ ಒಂದು ದಪ್ಪ ಪುಸ್ತಕವನ್ನೂ ತೆಗೆದುಕೊಂಡು ಗೋಡೆಯ ಬಳಿಗೆ ಹೋಗಲಿ. ನಮಗಾದ ಒಂದು ವರ್ಷದ ನಷ್ಟ ಅವರಿಗೆ ಆಗದಿರಲಿ.